ಗಾಜಿನ ಯಾವ ಬದಿ ಹಸಿ?

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ನಮ್ಮ ಮನೆಗೆ ಸುಣ್ಣ ಬಳಿಯಲು ಬರುತ್ತಿದ್ದ ಸಾತವ್ವ. ಪಡಸಾಲೆಯ ಗೋಡೆಯಲ್ಲಿ ಒಂದು ಹಸಿ ಕಲೆ ಮೂಡಿತ್ತು. ಸಂಜೆಗೆ ಬೀಗರು ಬರುವವರಿದ್ದರು. "ಅದರ ಮೇಲೆ ಇನ್ನೊಂದು ಕೈ ಬಳಿದುಬಿಡು ಸಾತವ್ವ, ಕಾಣದಿದ್ದರೆ ಆಯಿತು" ಅಂದೆ. ಸಾತವ್ವ ಏಣಿಯಿಂದ ಇಳಿದು, ಕುಂಚವನ್ನು ಬಕೆಟ್ಟಿನ ಮೇಲೆ ಅಡ್ಡ ಇಟ್ಟು, ನೆಲಕ್ಕೆ ಕೂತು ಇದನ್ನು ಹೇಳಿದಳು. ಬೀಗರು ಬಂದಾಗ ಕಲೆ ಇದ್ದಲ್ಲೇ ಇತ್ತು.

ಹೊಳೆಯ ದಂಡೆಗೆ ಒಂದು ಆಶ್ರಮ. ಅಲ್ಲಿನ ಗುರುಗಳು ರಾಚಯ್ಯಜ್ಜ. ಅವರ ಶಿಷ್ಯ ಅಡಿವೆಪ್ಪ, ಕಟ್ಟಡದ ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಬಂದವನು. ಅರ್ಧ ಓದಿದವರಿಗೆ ಇರುವ ಧೈರ್ಯ ಪೂರ್ತಿ ಓದಿದವರಿಗೆ ಇರುವುದಿಲ್ಲ.

ಆಶ್ರಮದಲ್ಲಿ ನಲವತ್ತು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದವಳು ಫಕೀರವ್ವ. ಅವಳು ಮಲಗುವ ಕೋಣೆ ಮಾಳಿಗೆಯ ಮೇಲೆ, ಹದಿನೆಂಟು ಮೆಟ್ಟಿಲು. ಆ ವರ್ಷ ಅವಳ ಮೊಣಕಾಲು ಸೋತವು.

ಹತ್ತದೇ ಹೋಗಬಹುದಾದ ಜಾಗ ಒಂದೇ ಇತ್ತು. ಅಡುಗೆಮನೆಯ ಪಕ್ಕದಲ್ಲಿ, ದಿಬ್ಬದೊಳಗೆ ಕೊರೆದು ಕಟ್ಟಿದ ನೆಲಮಾಳಿಗೆ. ಎರಡೇ ಮೆಟ್ಟಿಲು ಇಳಿಯಬೇಕು. ಮೂರು ಗೋಡೆ ಮಣ್ಣಿನೊಳಗೆ, ಒಂದು ಗೋಡೆಗೆ ಬಾಗಿಲು. ಕಟ್ಟಿಗೆ ಇಡುತ್ತಿದ್ದರು, ಕಟ್ಟಿಗೆಗೂ ಅಣಬೆ ಹುಟ್ಟುತ್ತಿತ್ತು.

ಪಂಚಮಿಗೆ ಫಕೀರವ್ವನ ಅಣ್ಣನ ಮಗ ದ್ಯಾಮಣ್ಣ ಬಂದ. ನೆಲಮಾಳಿಗೆಗೆ ಇಣುಕಿದ. ಮೂಗು ಮುಚ್ಚಿಕೊಂಡ.

"ದಮ್ಮಿನ ಮುದುಕಿನ್ನ ಇದರಾಗ ಮಲಗಸ್ತೀರೇನ್ರಿ ಅಜ್ಜಾರ? ದಸರಾಕ್ಕ ಬರ್ತೀನಿ. ಅಷ್ಟರಾಗ ಒಣ ಜಾಗ ಆದ್ರ ಇರಲಿ. ಇಲ್ಲಂದ್ರ ಊರಿಗೆ ಕರ್ಕೊಂಡ ಹೋಗ್ತೀನಿ."

ಅವನದೇನೂ ತಪ್ಪು ಮಾತಲ್ಲ. ಆದರೆ ಫಕೀರವ್ವನ ಅವತ್ತಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಅಡಿವೆಪ್ಪನಿಗೆ ಆ ಸಾರು ಗಂಟಲಲ್ಲಿ ಇಳಿಯಲಿಲ್ಲ. ಆಶ್ರಮಕ್ಕೆ ಬಂದ ಮೊದಲ ದಿನ, ಯಾರ ಮಗ, ಯಾಕೆ ಬಂದೆ ಎಂದು ಒಂದು ಮಾತೂ ಕೇಳದೆ ಅವನಿಗೆ ಬಿಸಿ ರೊಟ್ಟಿ ಹಾಕಿದವಳು ಅವಳು.

"ಆ ಕೋಣಿ ನನಗ ಬಿಡ್ರಿ ಅಜ್ಜಾರ" ಅಂದ.

ಗುರುಗಳು ಹಿತ್ತಲಿಗೆ ಕರೆದೊಯ್ದು ಬೆರಳು ತೋರಿಸಿದರು. ಎರಡು ಚೀಲ ಸುಣ್ಣ. ಒಡೆದ ಹೆಂಚಿನ ಗುಡ್ಡೆ. ನಾಲ್ಕು ಬಿದಿರು ಚಾಪೆ.

"ಆಶ್ರಮದಾಗ ಇರೂದು ಇಷ್ಟ. ಇಷ್ಟರಾಗ ಮುಗಿಸು."

"ಇಷ್ಟರಾಗ?"

"ನೀನೂ ಇದ್ದೀಯಲ್ಲ."

ಅಡಿವೆಪ್ಪ ಸುಣ್ಣವನ್ನು ಮೂಸಿಯೂ ನೋಡಲಿಲ್ಲ. ಹಳೇ ಕಾಲದ ಮಾಲು! ಸೇತುವೆ ಕೆಲಸದವರನ್ನು ಕಾಡಿ ಬೇಡಿ ಒಂದು ಚೀಲ ಸಿಮೆಂಟು ತಂದ. ಹಿಂದಿನ ಗೋಡೆಗೆ ಮೆತ್ತಿದ. ಕನ್ನಡಿ ಹಾಗೆ ತಿಕ್ಕಿದ.

ಬರೀ ಕೈಕೆಲಸ ನಂಬುವವನಲ್ಲ ಅವನು, ಭಕ್ತಿಯೂ ಇತ್ತು. ಆಶ್ರಮದಲ್ಲಿ ಒಂದು ಪದ್ಧತಿ: ಪ್ರತಿ ಶಿಷ್ಯ ಬೆಳಿಗ್ಗೆ ಹೊಳೆಯಿಂದ ಒಂದು ಕೊಡ ನೀರು ಹೊತ್ತು ತಂದು ದಿಬ್ಬದ ಮೇಲಿನ ಬಿಲ್ವಪತ್ರಿ ಗಿಡಕ್ಕೆ ಹಾಕಬೇಕು. ಅಡಿವೆಪ್ಪ ಹರಕೆ ಹೊತ್ತ. ಕೋಣೆ ಒಣಗಲಿ, ಫಕೀರವ್ವ ಇಲ್ಲೇ ಉಳಿಯಲಿ. ದಸರೆಯವರೆಗೆ ದಿನಕ್ಕೆ ಐದು ಕೊಡ.

ಹತ್ತು ದಿನಕ್ಕೆ ಸಿಮೆಂಟಿನ ಮೇಲೆ ಬಿಳಿ ಉಪ್ಪು ಎದ್ದಿತು. ಹದಿನೈದನೇ ದಿನ ಅಂಗೈ ಅಗಲದ ಚಕ್ಕೆ ಕಳಚಿ ನೆಲಕ್ಕೆ ಬಿತ್ತು.

ಅಡಿವೆಪ್ಪ ಹರಕೆಯನ್ನು ಹನ್ನೊಂದು ಕೊಡಕ್ಕೆ ಏರಿಸಿದ.

ಕೆಂಡದ ಕುಂಡ ತಂದು ಒಳಗಿಟ್ಟ. ಗೋಡೆ ಬೆವರಿತು. ಬಾಗಿಲು ಹಗಲೆಲ್ಲ ತೆರೆದಿಟ್ಟ. ಸೋನೆ ಮಳೆಯ ಗಾಳಿ ಒಳಗೆ ಬಂದು ನೆಂಟನ ಹಾಗೆ ಕೂತುಬಿಟ್ಟಿತು.

ಹರಕೆ ಇಪ್ಪತ್ತೊಂದು ಕೊಡಕ್ಕೆ ಏರಿತು. ಹೆಗಲು ಕೆಂಪಾಗಿ ಚರ್ಮ ಸುಲಿಯಿತು. ಫಕೀರವ್ವ ಅದಕ್ಕೆ ಎಣ್ಣೆ ಹಚ್ಚುತ್ತ, "ಯಾಕ ಇಷ್ಟು ಹೊರತಿಯೋ ನನ್ನ ಕೂಸ?" ಅಂದಳು.

"ನಿನಗ್ಯಾಕ ಬೇಕ ಆಯಿ? ಸುಮ್ಮ ಹಚ್ಚು."

ಮಳೆ ನಿಂತಿತು. ಅಂಗಳ ಒಣಗಿತು. ದಿಬ್ಬದ ಹುಲ್ಲೂ ಒಣಗಿತು. ನೆಲಮಾಳಿಗೆಯ ಹಿಂದಿನ ಗೋಡೆ ಮಾತ್ರ ಒಣಗಲಿಲ್ಲ.

ಕಡೆಗೆ ಅಡಿವೆಪ್ಪ ನಾಲ್ಕೂ ಬಿದಿರು ಚಾಪೆಯನ್ನು ಆ ಗೋಡೆಗೆ ಒತ್ತಿ ಮೊಳೆ ಹೊಡೆದ. ಮಂಚ ಹಾಕಿದ. ಊದುಬತ್ತಿ ಹಚ್ಚಿದ. ಗುರುಗಳನ್ನು ಕರೆದ.

ಗುರುಗಳು ಬಂದರು. ಚಾಪೆ ನೋಡಿದರು. ಮಂಚದ ಮೇಲೆ ಕೂತರು.

"ಚಂದ ಆಗೇತಿ. ಫಕೀರವ್ವಾ, ಒಂದು ಹಪ್ಪಳ ಸುಟ್ಟು ತಾರವ್ವ."

ಫಕೀರವ್ವ ತಂದಳು. ಗುರುಗಳು ಅದನ್ನು ತಿನ್ನಲಿಲ್ಲ. ತಟ್ಟೆಯಲ್ಲಿ ಮಂಚದ ಮೇಲೆ ಇಟ್ಟು, ಎದ್ದು, ಹೊರಗೆ ಬಂದು ಬಾಗಿಲು ಹಾಕಿದರು.

"ಊಟ ಆದ ಮ್ಯಾಲೆ ನೋಡೂಣು."

ಊಟವಾಯಿತು. ಅಡಿವೆಪ್ಪ ಒಳಗೆ ಹೋಗಿ ಹಪ್ಪಳ ಎತ್ತಿದ. ಅದು ಒದ್ದೆ ಕರವಸ್ತ್ರದ ಹಾಗೆ ಬೆರಳಿನಿಂದ ಜೋತುಬಿದ್ದಿತು.

ಗುರುಗಳು ಅವನ ಮುಖ ನೋಡಿದರು. "ಗೋಡಿಗೆ ಅಂಗಿ ತೊಡಸಬಹುದು ತಮ್ಮಾ. ಹಪ್ಪಳಕ್ಕ ಏನ್ ತೊಡಸ್ತೀ?"

ಅಡಿವೆಪ್ಪ ಮೆಟ್ಟಿಲ ಮೇಲೆ ಕುಸಿದು ಕೂತ. "ದಸರಾಕ್ಕ ಇನ್ನ ಇಪ್ಪತ್ತ ದಿನ ಐತ್ರಿ. ನನ್ನ ಕೈಲಿ ಆಗವಲ್ದು. ಏನ್ ಹಚ್ಚಲಿ ಹೇಳ್ರಿ ಆ ಗೋಡಿಗೆ?"

ಗುರುಗಳು ತಮ್ಮ ಕೋಣೆಗೆ ಹೋದರು. ಅಲ್ಲಿ ಗೋಡೆಯ ಮೇಲಿದ್ದುದು ಒಂದೇ ಪಟ, ಅವರ ಗುರುಗಳದು. ಅದನ್ನು ಇಳಿಸಿ, ಹಿಂದಿನ ಮೊಳೆ ಕಿತ್ತು, ಗಾಜು ಬಿಚ್ಚಿಕೊಂಡು ಬಂದರು.

"ಅಜ್ಜಾರ! ದೊಡ್ಡಜ್ಜಾರ ಪಟ!"

"ಪಟ ಅಲ್ಲೇ ಐತಿ. ಗಾಜು ಅಷ್ಟ ತಂದೀನಿ."

ಚಾಪೆ ಬಿಚ್ಚಿಸಿದರು. ಸಿಮೆಂಟು ಉದುರಿದ್ದ ಜಾಗ ಹುಡುಕಿ, ಒಣ ಅರಿವೆಯಿಂದ ಗೋಡೆ ಒರೆಸಿದರು. ಗಾಜು ಇಟ್ಟು, ಅದರ ನಾಲ್ಕೂ ಅಂಚಿಗೆ ಕಲಸಿದ ಹಿಟ್ಟನ್ನು ಗಾಳಿ ಆಡದ ಹಾಗೆ ಒತ್ತಿದರು.

"ಗೋಡಿಗೆ ಏನ್ ಹಚ್ಚಲಿ ಅಂತ ಕೇಳಿದಿ. ಇದನ್ನ ಹಚ್ಚು. ಮೂರು ದಿನ ಬಿಟ್ಟು ಗಾಜಿನ ಯಾವ ಬದಿ ಹಸಿ ಅಂತ ಹೇಳು."

"ಯಾವ ಬದಿ ಹಸಿ ಆದ್ರೇನ್ರಿ, ಹಸಿ ಹಸೀನ ಅಲ್ಲ?"

ಗುರುಗಳು ಆಗಲೇ ಮೆಟ್ಟಿಲು ಹತ್ತುತ್ತಿದ್ದರು.

ಮೂರನೇ ದಿನ ಅಡಿವೆಪ್ಪ ಗಾಜಿನ ಮೇಲೆ ಬೆರಳು ಎಳೆದ. ಕೋಣೆಯ ಕಡೆ ಒಣಗಿತ್ತು. ಹಿಟ್ಟು ಕೆರೆದು ಗಾಜು ತಿರುಗಿಸಿದ. ಗೋಡೆಯ ಕಡೆಯಿಂದ ನೀರು ಸಾಲಾಗಿ ಅವನ ಮೊಣಕೈಗೆ ಇಳಿಯಿತು.

ಓಡಿ ಹೋದ. "ಗೋಡಿ ಕಡೆ ಹಸೀರಿ! ಹಸಿ ಕೋಣ್ಯಾಗ ಹುಟ್ಟಾಕತ್ತಿಲ್ಲ. ಹಿಂದಿನಿಂದ ಬರಾಕತ್ತೇತಿ."

"ಏನು?"

"ಮಳಿ ನೀರು."

"ಮಳಿ ನಿಂತು ಎಷ್ಟು ದಿನ ಆತು?"

ಅಡಿವೆಪ್ಪ ಒಣಗಿದ ಅಂಗಳದ ಕಡೆ ತಿರುಗಿ ನೋಡಿದ.

ನೆಲಮಾಳಿಗೆಗೆ ವಾಪಸು ಬಂದ. ಬಾಗಿಲಿನಿಂದ ಹಿಂದಿನ ಗೋಡೆಗೆ ಹೆಜ್ಜೆ ಅಳೆದ. ಒಂಬತ್ತು. ಹೊರಗೆ ಬಂದು, ದಿಬ್ಬ ಹತ್ತಿ, ಬಾಗಿಲಿನ ನೆತ್ತಿಯಿಂದ ಅದೇ ದಿಕ್ಕಿಗೆ ಹೆಜ್ಜೆ ಹಾಕಿದ. ಏಳು ಹೆಜ್ಜೆಯವರೆಗೆ ಒಣ ಹುಲ್ಲು ಕಾಲಡಿ ಚರಚರ ಅಂದಿತು. ಎಂಟನೇ ಹೆಜ್ಜೆ ಮೆತ್ತಗಿತ್ತು. ಒಂಬತ್ತನೆಯದಕ್ಕೆ ಪಾದ ಮುಳುಗುವಷ್ಟು ಕೆಸರಿಗೆ ಇಳಿಯಿತು.

ತಲೆ ಎತ್ತಿದ. ಎದುರಿಗೆ ಪತ್ರಿ ಗಿಡ. ಅದರ ಬುಡಕ್ಕೆ ಒರಗಿ ಅವನದೇ ಕೊಡ.

ಗುರುಗಳು ಬಂದು ಪಕ್ಕದಲ್ಲಿ ನಿಂತರು.

"ಆಯಿನ್ನ ಉಳಿಸಾಕ ಹಾಕಿದ ನೀರ್ರಿ ಇದು" ಅಂದ. "ಇದ ನೀರು ಆಕಿನ್ನ ಹೊರಗ ಹಾಕಾಕತ್ತೇತಿ. ಗೋಡಿ ಹಸಿ ಆದಷ್ಟೂ ನಾ ಹೆಚ್ಚಗಿ ಹಾಕಿದ್ನಿ."

ಗುರುಗಳು ಅವನ ಸುಲಿದ ಹೆಗಲನ್ನು ನೋಡಿದರು.

"ನಿಮಗ ಮೊದಲ ಗೊತ್ತಿತ್ತೇನ್ರಿ?"

"ನೀರು ಹೆಚ್ಚಾಗಿ ಗಿಡದ ಎಲಿ ಹಳದಿ ಆಗಾಕತ್ತಿದ್ವು."

"ಹೇಳಬಹುದಿತ್ತಲ್ರಿ!"

"ಹೇಳಿದ್ರ ನೀ ನನ್ನ ಮಾತು ಕೇಳ್ತಿದ್ದಿ. ಗೋಡಿ ಮಾತು ಕೇಳ್ತಿದ್ದಿಲ್ಲ. ಇರಲಿ, ಇವತ್ತ ಎಷ್ಟು ಕೊಡ ಆದ್ವು?"

"ಒಂಬತ್ತು. ಇನ್ನ ಹನ್ನೆರಡು ಅದಾವ. ಹರಕಿ ಅರ್ಧಕ್ಕ ಬಿಟ್ರ ತಪ್ಪಾಗಂಗಿಲ್ಲೇನ್ರಿ?"

"ಬಿಡು ಅಂದವರ್ಯಾರು?"

ಗುರುಗಳು ಕೊಡ ಎತ್ತಿಕೊಂಡು ಹೊಳೆಗೆ ಇಳಿದರು. ತುಂಬಿದರು. ಎಪ್ಪತ್ತರ ಹೆಗಲಿಗೆ ಏರಿಸಿ ದಿಬ್ಬದ ಕಡೆ ತಿರುಗದೆ ನೇರ ಅಡುಗೆಮನೆಗೆ ನಡೆದು, ಫಕೀರವ್ವನ ಹಂಡೆಗೆ ಸುರಿದರು.

ಮೊಣಕಾಲು ಸೋತ ಮೇಲೂ, ದಿನಾ ಹಂಡೆ ತುಂಬುವಷ್ಟು ನೀರನ್ನು ಅವಳೇ ಚರಿಗೆ ಚರಿಗೆಯಾಗಿ ತರುತ್ತಿದ್ದಳು. ಇಪ್ಪತ್ತೊಂದು ಕೊಡ ನೀರು ಹೊತ್ತವನ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ.

"ಅಯ್ಯ ಎಪ್ಪಾ, ನೀವ್ಯಾಕ ಹೊತ್ರಿ?" ಫಕೀರವ್ವ ಹಿಟ್ಟಿನ ಕೈ ಎತ್ತಿ ಕೂಗಿದಳು.

ಗುರುಗಳು ಖಾಲಿ ಕೊಡವನ್ನು ಅಡಿವೆಪ್ಪನ ಕೈಗೆ ಕೊಟ್ಟರು.

"ಹನ್ನೊಂದು ಉಳದಾವ."

ಮರುದಿನದಿಂದ ಎಲ್ಲ ಶಿಷ್ಯರ ಕೊಡವೂ ಹಂಡೆಗೇ ಬಂತು. ಹಂಡೆ ತುಂಬಿದ ಮೇಲೆ ಪಾತ್ರೆಗೆ, ಪಾತ್ರೆ ತುಂಬಿದ ಮೇಲೆ ದಾರಿಹೋಕರ ಅರವಟಿಗೆಗೆ.

ಅಡಿವೆಪ್ಪ ದಿಬ್ಬದ ಮೇಲೆ ಕಾಲುವೆ ತೋಡಿದ. ಬರುವ ವರ್ಷದ ಮಳೆ ನೀರು ಗೋಡೆಯ ಕಡೆ ತಿರುಗದೆ ಹೊಳೆಗೆ ಹರಿಯಲೆಂದು ಒಡೆದ ಹೆಂಚನ್ನೆಲ್ಲ ಅದಕ್ಕೆ ಹಾಸಿದ. ಹೆಮ್ಮೆಯಿಂದ ಮೆತ್ತಿದ್ದ ಸಿಮೆಂಟನ್ನು ಉಳಿಯಿಂದ ಕೆತ್ತಿ ಕೆತ್ತಿ ತೆಗೆದ. ಆಮೇಲೆ ಸುಣ್ಣ ನೆನೆಹಾಕಿದ.

"ಬಳಿಯಲೇನ್ರಿ?"

"ಗಾಜು ಏನಂತೈತಿ?"

ಗಾಜು ಹಸಿ ಅನ್ನುತ್ತಿತ್ತು. ಮೂರು ದಿನಕ್ಕೊಮ್ಮೆ ಹಚ್ಚಿ, ಕಿತ್ತು, ತಿರುಗಿಸಿ ನೋಡಿದ. ದಸರೆ ಹತ್ತಿರ ಬಂತು. ಅವನಿಗೆ ಊಟ ಸೇರಲಿಲ್ಲ. ಫಕೀರವ್ವ ತನ್ನ ಎರಡು ಸೀರೆ ಮಡಿಚಿ ಗಂಟು ಕಟ್ಟಿಟ್ಟದ್ದನ್ನು ನೋಡಿದ. ನೋಡಿಲ್ಲದವನ ಹಾಗೆ ಬಂದುಬಿಟ್ಟ.

ದಸರೆಗೆ ಐದು ದಿನ ಇರುವಾಗ ಗಾಜಿನ ಎರಡೂ ಬದಿ ಒಣಗಿತ್ತು.

ಗೋಡೆ ಉಸಿರಾಡಲಿ ಎಂದು ಸುಣ್ಣವನ್ನು ತೆಳ್ಳಗೆ ಬಳಿದ. ಚಾಪೆಗಳನ್ನು ಗೋಡೆಗೆ ತಾಗಿಸದೆ, ಹಿಂದೆ ಕೈ ಆಡುವಷ್ಟು ಸಂದು ಬಿಟ್ಟು ಇಳಿಬಿಟ್ಟ. ಮಂಚವನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದ. ಬಿಸಿಲೇರಿ ಗಾಳಿ ಒಣಗಿದ ಹೊತ್ತಿಗೆ ಮಾತ್ರ ಬಾಗಿಲು ತೆರೆದ.

ದಸರೆಯ ದಿನ ದ್ಯಾಮಣ್ಣ ಬಂದ. ಎರಡು ಮೆಟ್ಟಿಲು ಇಳಿದ. ಚಾಪೆ ಸರಿಸಿ ಗೋಡೆ ಮುಟ್ಟಿದ. ಉಸಿರೆಳೆದು ಮೂಸಿದ.

ಮಂಚದ ಮೇಲೆ ತಟ್ಟೆಯಲ್ಲಿ ಬೆಳಿಗ್ಗೆ ಸುಟ್ಟ ಹಪ್ಪಳ ಇತ್ತು. ಪಾಪ, ಹಸಿದು ಬಂದವನು. ಕೈ ಹಾಕಿದ.

ಕಟಕ್.

ಬಾಗಿಲಲ್ಲಿ ನಿಂತಿದ್ದ ಫಕೀರವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ದ್ಯಾಮಣ್ಣ ಹಪ್ಪಳ ಪೂರ್ತಿ ತಿಂದ. ಮೀಸೆ ಒರೆಸಿಕೊಂಡ. "ಅತ್ತಿ, ಇನ್ನೊಂದು ಸುಡು. ಉಂಡ ಹೋಗ್ತೀನಿ. ಒಬ್ಬಾಂವನ ಹೋಗ್ತೀನಿ."

ಮರುದಿನ ಅಡಿವೆಪ್ಪ ಗಾಜನ್ನು ತಿಕ್ಕಿ ತೊಳೆದು, ಅಂಚಿನ ಹಿಟ್ಟು ಬಿಡಿಸಿ, ಗುರುಗಳ ಮುಂದೆ ಹಿಡಿದ.

"ಪಟಕ್ಕ ಹಾಕ್ತೀನ್ರಿ. ದೊಡ್ಡಜ್ಜಾರ ಮ್ಯಾಲೆ ಧೂಳ ಕುಂತೇತಿ."

"ಅವರಿಗೂ ಒಂದಿಷ್ಟು ಗಾಳಿ ಬೇಕಿತ್ತು. ಗಾಜು ನಿನ್ನ ಹತ್ರ ಇರಲಿ."

"ನನಗ್ಯಾಕ್ರಿ? ಗೋಡಿ ಒಣಗೇತಲ್ಲ."

"ನಾಳೆ ಇನ್ನೊಬ್ಬಾಂವ ಬರ್ತಾನ. ಗೋಡಿಗೆ ಏನ್ ಹಚ್ಚಲಿ ಅಂತ ಕೇಳ್ತಾನ. ಅವನ ಕೈಯಾಗ ಇದನ್ನ ಕೊಡು. ಯಾವ ಬದಿ ಹಸಿ ಅಂತ ಮಾತ್ರ ನೀ ಹೇಳಬ್ಯಾಡ."