ಇಳಿಯದ ಮರಳು

"ಗುರುಗಳೇ, ಒಳ್ಳೆಯ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಒಬ್ಬರೂ ಕದಲುವುದಿಲ್ಲ. ಯಾಕೆ?" ಎಂದು ಶಿಷ್ಯ ಕೇಳಿದ.

ಅವನ ಊರಿನಲ್ಲಿ ವರ್ಷಕ್ಕೊಮ್ಮೆ ಊರೂಟ. ಕೆಳಗಿನ ಕೇರಿಯವರು ಸೌದೆ ಒಡೆದು, ನೀರು ಹೊತ್ತು, ಕೊನೆಗೆ ಅನ್ನವನ್ನು ಪಾತ್ರೆಗೆ ಹಾಕಿಸಿಕೊಂಡು ಮನೆಗೆ ಹೋಗಿ ಉಣ್ಣುವುದು ರೂಢಿ. ಈ ಸಲ ಅವರೂ ಪಂಕ್ತಿಯಲ್ಲಿ ಕೂರಲಿ ಎಂದು ಶಿಷ್ಯ ಮನೆ ಮನೆ ಸುತ್ತಿದ್ದ. 'ಉಳಿದವರು ಕೂತರೆ ನಾವೂ ಕೂರುತ್ತೇವೆ' ಎಂದು ಎಲ್ಲರೂ ಹೇಳಿದ್ದರು. ಕೇರಿಯವರು ಬಂದು ಎಲೆಯ ಮುಂದೆ ಕೂತರು. ಅವರ ಪಕ್ಕದ ಎಲೆಗಳು ಖಾಲಿಯೇ ಉಳಿದವು.

"ನಾನು ಬಾಗಿಲಲ್ಲಿ ನಿಂತು ಎಲ್ಲರನ್ನೂ ಕರೆದೆ, ಬೇಡಿಕೊಂಡೆ. ಕೇರಿಯವರು ಉಣ್ಣದೆ ಎದ್ದು ಹೋದರು," ಎಂದ ಶಿಷ್ಯ. "ಇನ್ನು ನಾನು ಈ ಗೋಜಿಗೇ ಹೋಗುವುದಿಲ್ಲ."

ಗುರುಗಳು ಹೇಳಿದರು: "ಒಂದು ಕತೆ ಕೇಳು. ಮೊಬೈಲ್ ಆಟದ ಕತೆ ಎಂದು ಮೂಗು ಮುರಿಯಬೇಡ."

ಒಬ್ಬ ಹೆಂಗಸು ಆಟವೊಂದನ್ನು ಕಟ್ಟಿದಳು. ಪರದೆಯ ಮೇಲೆ ಬೆರಳಾಡಿಸಿದರೆ ಮರಳು ಸುರಿಯಬೇಕು, ನೀರು ಹರಿಯಬೇಕು, ನೀರು ತಾಗಿದ ಬೀಜ ಮೊಳೆಯಬೇಕು. ಇದನ್ನೇ ನಂಬಿ ಅವಳು ಇದ್ದ ಕೆಲಸ ಬಿಟ್ಟಿದ್ದಳು. ಪ್ರತಿ ಕಣಕ್ಕೂ ಒಂದೇ ಮಾತು ಕಲಿಸಿದ್ದಳು: ಕೆಳಗೆ ಜಾಗವಿದ್ದರೆ ಇಳಿ.

ಆದರೆ ಮರಳು ಒಟ್ಟಾಗಿ ಬೀಳಲಿಲ್ಲ. ತಳದ ಕಣವೊಂದು ಕಣ್ಣು ಮುಚ್ಚಿ ತೆರೆಯುವುದರಲ್ಲಿ ನೆಲ ಸೇರುತ್ತಿತ್ತು. ಉಳಿದವು ಗಾಳಿಯಲ್ಲೇ ನಿಂತು ಒಂದೊಂದಾಗಿ ಉದುರುತ್ತಿದ್ದವು. ಮೇಲಿನ ಕಣಗಳಿಗೆ 'ಬೇಗ ಇಳಿ, ಇನ್ನೂ ಬೇಗ ಇಳಿ' ಎಂದು ಆಜ್ಞೆಯ ಮೇಲೆ ಆಜ್ಞೆ ಬರೆದಳು. ಏನೂ ಆಗಲಿಲ್ಲ. ಬೇಸತ್ತು, ಆಟವನ್ನೇ ಅಳಿಸಿಬಿಡುವುದೆಂದು ನಿಶ್ಚಯಿಸಿ, ಬೇರೆ ಕೆಲಸ ಹುಡುಕಲು ಪೇಟೆಗೆ ಹೊರಟಳು.

ಬಸ್ಸು ತುಂಬಿತ್ತು. ಕಂಡಕ್ಟರ್ ಹಿಂದಿನ ಬಾಗಿಲಲ್ಲಿ ನಿಂತು, 'ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ' ಎಂದು ಕೂಗುತ್ತಿದ್ದ. ಮೆಟ್ಟಿಲಲ್ಲೇ ಸಿಕ್ಕಿಕೊಂಡಿದ್ದ ಒಬ್ಬ ಅಜ್ಜಿ ರೇಗಿದಳು.

"ನಂಗ್ಯಾಕಪ್ಪಾ ಹೇಳ್ತೀಯಾ? ಅಲ್ಲಿ ಮುಂದೆ ಜಾಗ ಇಟ್ಕೊಂಡು ಕಂಬದ ಥರ ನಿಂತಿದಾನಲ್ಲ, ಅವನಿಗೆ ಹೇಳು!"

ಮುಂದಿದ್ದವನು ನಾಚಿ ಸರಿದ. ಅವನ ಹಿಂದಿನವನು ಸರಿದ. ಸಾಲಿಗೆ ಸಾಲೇ ಸರಿದು ಅಜ್ಜಿಯೂ ಒಳಗೆ ಬಂದಳು.

ಹೆಂಗಸು ಮುಂದಿನ ನಿಲ್ದಾಣದಲ್ಲೇ ಇಳಿದು ಮನೆಗೆ ಓಡಿದಳು. ಕಂಪ್ಯೂಟರು 'ಕೆಳಗೆ ಜಾಗವಿದೆಯೇ' ಎಂದು ಪ್ರತಿ ಸುತ್ತಿನಲ್ಲೂ ಎಲ್ಲಕ್ಕಿಂತ ಮೇಲಿನ ಕಣವನ್ನೇ ಮೊದಲು ಕೇಳುತ್ತಿತ್ತು. ಅದರ ಕೆಳಗೆ ಇನ್ನೊಂದು ಕಣ, ಅದರ ಕೆಳಗೆ ಮತ್ತೊಂದು; ಇಳಿಯಲು ಜಾಗವೇ ಇಲ್ಲ. ತಳದ್ದು ಸರಿಯುವ ಹೊತ್ತಿಗೆ ಆ ಸುತ್ತಿನಲ್ಲಿ ಉಳಿದವುಗಳ ಸರದಿ ಮುಗಿದಿರುತ್ತಿತ್ತು. ಅವಳು ಹೊಸ ಆಜ್ಞೆ ಏನೂ ಬರೆಯಲಿಲ್ಲ. ತಳದ ಕಣವನ್ನು ಮೊದಲು ಕೇಳುವಂತೆ ಮಾಡಿದಳು, ಅಷ್ಟೇ. ಮರಳು ಮೊರದಿಂದ ಸುರಿದ ರಾಗಿಯ ಹಾಗೆ ಒಟ್ಟಾಗಿ ಇಳಿಯಿತು. ಅದರ ಹಿಂದೆಯೇ ನೀರೂ ಇಳಿದು ಬೀಜ ಮೊಳೆಯಿತು. ಅವಳು ಸಂತೋಷದಿಂದ ಅತ್ತಳು.

ಶಿಷ್ಯನ ಮುಖ ಅರಳಿತು. "ಹಾಗಾದರೆ ಪಕ್ಕದಲ್ಲಿ ಜಾಗ ಇರುವವನು ಮೊದಲು ಸರಿಯಬೇಕು. ಅವನು ಸರಿದರೆ ಊರೇ ಸರಿಯುತ್ತದೆ! ಹೇಳಿ ಗುರುಗಳೇ, ಮೊದಲು ಯಾರ ಮನೆಗೆ ಹೋಗಲಿ?"

ಗುರುಗಳು ನಕ್ಕು ಕೇಳಿದರು: "ಮುಂದಿನ ವರ್ಷ ನಿನ್ನ ಎಲೆಯನ್ನು ಯಾರ ಪಕ್ಕದಲ್ಲಿ ಹಾಕಿಸುತ್ತೀ?"