ಲೋಳೆಸರದ ರಾಣಿಯ ಮಗಳು

"ಕೇಳ್ರಪ್ಪೋ ಕೇಳಿ! ರಾಣಿ ಹೊಂಬಾಳಮ್ಮನ ಮೂರು ಒಗಟು ಬಿಡಿಸಿದೋರಿಗೆ ಅರ್ಧ ರಾಜ್ಯ! ತಪ್ಪಿದೋರು ಹೆಬ್ಬಾಗಿಲಿಗೆ ತಲೆಕೆಳಗು!"

ಆ ಡಂಗುರದ ಸದ್ದಿಗೆ ಹನ್ನೆರಡು ಹರದಾರಿ ಆಚೆ ಒಲೆ ಮೇಲೆ ಕುದೀತಿದ್ದ ಸಾರು ಹೆಪ್ಪುಗಟ್ಟಿತು. ಯಾಕಂದ್ರೆ, ದೃಷ್ಟಿ ತಾಗಬಾರ್ದು ಅಂತ ಬಾಗಿಲಿಗೆ ಲೋಳೆಸರ ಕಟ್ತೀವಲ್ಲ, ಬೇರು ಮೇಲೆ ಎಲೆ ಕೆಳಗೆ, ಹಾಗೇ ಮುನ್ನೂರ ಮೂವತ್ತು ಗಂಡಸರು ಆ ಹೆಬ್ಬಾಗಿಲಲ್ಲಿ ತೂಗ್ತಿದ್ರು. ಅನ್ನ ಇಲ್ಲ, ನೀರಿಲ್ಲ, ಸಾವೂ ಇಲ್ಲ. ಮೈಯೆಲ್ಲಾ ಹಸಿರು. ಕಣ್ಣು ಮಾತ್ರ ಮಿಟುಕಿಸ್ತಿದ್ರು.

ಕುಂಬಾರ ಮೈಲಾರಿ ಒಬ್ಬೊಬ್ಬರ ಮುಖಾನೂ ಬಗ್ಗಿ ನೋಡ್ತಾ ಬಂದ. ಕೊನೇಲಿ ಸಿಕ್ಕಿದ ಅವನ ಅಣ್ಣ ಈರಭದ್ರ.

"ಅಣ್ಣಾ, ನಿನ್ನ ಇಳಿಸ್ಕೊಂಡೇ ಮನೆಗೆ ಹೋಗೋದು."

ಅಣ್ಣನ ಕಣ್ಣೀರು ಹಣೆ ಕಡೆ ಹರೀತು.

ಆಸ್ಥಾನದಲ್ಲಿ ರಾಣಿ ನಿಂತಿದ್ಲು. ಅವಳು ಕೂತಿದ್ದನ್ನ ಕಂಡೋರೇ ಇಲ್ಲ. ಪಕ್ಕಕ್ಕೇ ಅಂಟಿಕೊಂಡು ಪ್ರಾಯಕ್ಕೆ ಬಂದ ಮಗಳು, ತುಟಿ ಪಿಟಿಕ್ಕನ್ನದೆ.

"ಒಬ್ಬ ತಾಯಿ. ದೊಡ್ಡ ಮನೆ ಕೊಟ್ಟು ದಿನಾ ನೀರೆರೆದ್ರೆ ಬಂಜೆ. ಇಕ್ಕಟ್ಟಲ್ಲಿಟ್ಟು ಬಾಯಾರಿಸಿದ್ರೆ ಬಾಣಂತಿ. ಯಾರವಳು?" ಅಂದ್ಲು ರಾಣಿ.

"ಬಡತನ!" ಅಂತ ಉಬ್ಬಿದ ಒಬ್ಬ ಸಾಹುಕಾರ.

ರಾಣಿ ಚಿಟಿಕೆ ಹೊಡೆದ್ಲು. ಕಿರುಚೋಕೆ ಬಾಯಿ ತೆರೆದೋನು ಬಾಯಿ ತೆರ್ಕೊಂಡೇ ಹೆಬ್ಬಾಗಿಲಲ್ಲಿ ತೂಗಿದ.

ಮೈಲಾರಿ ಮುಂದೆ ಬಂದ. "ಲೋಳೆಸರ, ತಾಯಿ. ಮಡಕೆ ಸುಡೋ ಆವಿಗೇಲಿ ಕೈ ಸುಟ್ರೆ ಹಚ್ಚೋಕೆ ಬೇಕಲ್ಲ, ಬೆಳೆಸ್ತೀವಿ. ದೊಡ್ಡ ಗುಡಾಣಕ್ಕೆ ಹಾಕಿ ದಿನಾ ನೀರು ಹೊಯ್ದೆ, ಒಂದು ಮರೀನೂ ಇಲ್ಲ. ಪುಟ್ಟ ಒಡಕು ಕುಡಿಕೇಲಿಟ್ಟು ಮರೆತೆ, ಒಂಬತ್ತು ಹಾಕ್ತು."

ರಾಣಿ ರೆಪ್ಪೆ ಹೊಡೀಲಿಲ್ಲ. "ತಾಯಿಂದ ಕೊಯ್ದ ಆ ಕೂಸಿಗೆ ಮೊದಲ ಊಟ ಏನು?"

"ಸರ್ಕೋ ಮಣ್ಣಿನ ಮುದ್ದೆ!" ಅಂತ ಪಂಡಿತನೊಬ್ಬ ಕುಂಬಾರನನ್ನ ತಳ್ಳಿ ನುಗ್ಗಿದ. "ನೀರು, ಮಹಾರಾಣೀ, ತಣ್ಣೀರು!"

ಚಿಟಿಕೆ. ಪಂಡಿತನ ಜುಟ್ಟು ನೆಲ ಗುಡಿಸ್ತು.

"ಉಪವಾಸ," ಅಂದ ಮೈಲಾರಿ. "ಗಾಯ ಒಣಗಬೇಕು. ಹಸಿ ಗಾಯಕ್ಕೆ ನೀರು ಬಿದ್ರೆ ಕೊಳೆಯುತ್ತೆ."

ಈಗ ರಾಣಿ ದನಿ ನಡುಗ್ತು. "ತಾಯಿ ಮಗಳನ್ನ ಬೇರೆ ಮಾಡೋದು ಮಗಳಿಗೆ ಎಷ್ಟು ವಯಸ್ಸಾದಾಗ? ನಿನ್ನದೇ ಮುಖದ ನಿಮ್ಮಣ್ಣ ಹದಿನಾರು ಅಂದ."

ಮೈಲಾರಿ ಬಾಯಿಗೂ ಅದೇ ಬಂದಿತ್ತು. ಕಚ್ಚಿ ಹಿಡಿದ. "ವಯಸ್ಸಿನ ಮಾತಲ್ಲ, ತಾಯಿ. ಮಣ್ಣು ಸರಿಸಿ ನೋಡಬೇಕು. ಮಗಳಿಗೆ ತನ್ನದೇ ಬೇರಿದ್ರೆ ಇವತ್ತೇ. ಇಲ್ದಿದ್ರೆ ಮುಟ್ಟಬಾರ್ದು."

"ಹಾಗಾದ್ರೆ ನೋಡು," ಅಂತ ರಾಣಿ ನೆರಿಗೆ ಎತ್ತಿದ್ಲು.

ಪಾದಗಳಿರಲಿಲ್ಲ. ಚಿನ್ನದ ಕೊಪ್ಪರಿಗೆ ತುಂಬಾ ಮಣ್ಣು, ಅದರೊಳಕ್ಕೆ ಇಳಿದ ಎರಡು ಹಸಿರು ಕಾಲು. ಆ ಕಾಲಿಂದಲೇ ಕವಲೊಡೆದು ಎದ್ದಿದ್ಲು ಮಗಳು.

"ತಿಳೀದೋನ ಕೈಗೆ ಕೂಸನ್ನ ಹೇಗೆ ಕೊಡ್ಲಿ? ಅದಕ್ಕೇ ಒಗಟು," ಅಂದ್ಲು ರಾಣಿ. "ಇವಳು ಬದುಕಿದ್ರೆ ನಿಮ್ಮಣ್ಣನೂ ಇಳೀತಾನೆ."

ಮೈಲಾರಿ ಮಣ್ಣು ಕೆದಕಿದ. ಮಗಳ ಬುಡದಲ್ಲಿ ಬೆರಳು ದಪ್ಪದ ಏಳು ಬಿಳೀ ಬೇರು. ತಿಗರಿಯಿಂದ ಮಡಕೆ ಬಿಡಿಸೋ ದಾರ ಸೊಂಟದಲ್ಲೇ ಇತ್ತು. ಅದನ್ನ ತಾಯಿ ಮಗಳ ನಡುವೆ ತೂರಿಸಿ ಸರ್ರನೆ ಎಳೆದ. ರಕ್ತ ಬರಲಿಲ್ಲ. ಹಳದಿ ಲೋಳೆ ಸುರೀತು.

ಕೂಸನ್ನ ನೆರಳಲ್ಲಿ ಮಲಗಿಸಿದ. ಎಂಟು ದಿನ ಅದು "ನೀರು, ನೀರು" ಅಂತ ನರಳಿತು. ಅರಮನೆಯೋರು ಚೊಂಬು ಹಿಡಿದು ಬಂದು ಕಾಲಿಗೆ ಬಿದ್ರು. ಅಣ್ಣನ ಕಡೆ ನೋಡ್ದಾಗೆಲ್ಲ ಮೈಲಾರಿ ಕೈಯೂ ಚೊಂಬಿಗೆ ಹೋಗ್ತಿತ್ತು. ಆದ್ರೂ ಕೊಡಲಿಲ್ಲ.

ಒಂಬತ್ತನೇ ದಿನ ಗಾಯ ಚಕ್ಕೆಯಾಗಿತ್ತು. ಗೇಣುದ್ದದ ಕುಂಡದಲ್ಲಿ ಮರಳು ಬೆರೆಸಿದ ಮಣ್ಣು ತುಂಬಿ ನೆಟ್ಟ. ಹುಡುಗಿ ಕಣ್ಣು ಬಿಟ್ಲು. ಹೆಬ್ಬಾಗಿಲಲ್ಲಿ ಮುನ್ನೂರ ಮೂವತ್ತೆರಡು ಜನ ಮಾವಿನಕಾಯಿ ಹಾಗೆ ದಪದಪ ಉದುರಿದ್ರು. ಈರಭದ್ರ ತಮ್ಮನ ಹೆಗಲು ಹಿಡಿದು ಎದ್ದ. ರಾಣಿಯ ಬುಡದಲ್ಲಿ ಆಗಲೇ ನಾಲ್ಕು ಹೊಸ ಹಸಿರು ತಲೆ ಇಣುಕ್ತಿದ್ವು.

"ಅರ್ಧ ರಾಜ್ಯ ನಿಂದು. ಮಗಳೂ ನಿನಗೇ," ಅಂದ್ಲು ರಾಣಿ.

"ನೀರು" ಬಿಟ್ಟು ಬೇರೆ ಮಾತನ್ನ ಹುಡುಗಿ ಜನ್ಮಕ್ಕೆ ಮೊದಲ ಸಲ ಆಡಿದ್ಲು: "ನನ್ನ ಕೇಳಿದ್ರಾ? ಈಗಷ್ಟೇ ಹೊಸ ಮಣ್ಣಲ್ಲಿ ಬೇರೂರ್ತಿದೀನಿ. ಒಂದು ವರ್ಷ ಮುಟ್ಟಬೇಡಿ."

ಮೈಲಾರಿ ಕಾದ. ವರ್ಷ ಕಳೆದ ಮೇಲೆ ಅವಳೇ "ಹೂಂ" ಅಂದ್ಲು. ಸಪ್ತಪದಿ ತುಳಿಯುವಾಗ ಕುಂಡದ ಸಮೇತ ಅವಳನ್ನ ಎತ್ಕೊಂಡು, ಏಳು ಹೆಜ್ಜೆನೂ ಅವನೊಬ್ಬನೇ ಹಾಕಿದ.