ಒಂಟಿಗೈ ಏರಿ

ಹಿರೇಮೊರಡಿಯ ಮೂಡಲ ಕೆರೆಯ ಏರಿಯ ಮೇಲೆ ನಡೆದು ಹೋಗುವವರು ತೂಬಿನ ಹತ್ತಿರ ಬಂದಾಗ ನಿಂತೇ ನಿಲ್ಲುತ್ತಾರೆ. ಅಲ್ಲಿಯವರೆಗೆ ಕಾಡುಗಲ್ಲು, ಕೆಮ್ಮಣ್ಣು, ಜಾಲಿಗಿಡ. ಅಲ್ಲಿಂದ ನಲವತ್ತು ಮಾರು ಉದ್ದಕ್ಕೆ ಉಳಿಯಲ್ಲಿ ನಯವಾಗಿ ಕೆತ್ತಿದ ಬಿಳಿಕಲ್ಲು. ಒಂದು ಕಡೆ ಕಮಾನಿನ ತುಂಡು ಅಂಗಾತ ಬಿದ್ದಿದೆ, ಇನ್ನೊಂದು ಕಡೆ ಬಳ್ಳಿ ಕೊರೆದ ಕಂಬ ಅಡ್ಡಡ್ಡ ಮಲಗಿದೆ, ಇಂಗ್ಲಿಷ್ ಅಕ್ಷರದ ಚಪ್ಪಡಿಯೊಂದು ತಲೆಕೆಳಗಾಗಿ ಕೂತಿದೆ. ಊರ ಹೆಂಗಸರು ಅದರ ಮೇಲೆಯೇ ಸೀರೆ ಒಗೆಯುತ್ತಾರೆ. "ಇದು ಇಂಗ್ಲಿಷರು ಕಟ್ಟಿಸಿದ ಏರಿಯೇ?" ಎಂದು ಹೊರಗಿನವರು ಕೇಳಿದರೆ ನಮ್ಮವರಿಗೆ ನಗುವೂ ಬರುತ್ತದೆ, ಮೈಯೂ ಉರಿಯುತ್ತದೆ. ಪಕ್ಕದ ಮೊರಡಿಯ ಮೇಲೆ ಹನ್ನೊಂದು ಮೆಟ್ಟಿಲುಗಳಿವೆ. ಹತ್ತಿ ನೋಡಿದರೆ ಮೇಲೆ ಏನೂ ಇಲ್ಲ, ಬರೀ ಗಾಳಿ. ಈ ಏರಿಗೆ ಒಂಟಿಗೈ ಏರಿ ಎಂಬ ಹೆಸರು ಬಂದದ್ದನ್ನು ಆ ಮೆಟ್ಟಿಲುಗಳಿಂದಲೇ ಹೇಳಬೇಕು.

ಹಿಂದೆ ಒಮ್ಮೆ, ಬಿಳಿಯರ ಕಾಲದಲ್ಲಿ, ಆ ಮೊರಡಿಯ ಮೇಲೆ ದೊರೆಯೊಬ್ಬ ಬಂಗಲೆ ಕಟ್ಟಿಸಿದನು ಎನ್ನುತ್ತಾರೆ. ಕಲ್ಲು ಒಡೆದವರು ನಮ್ಮ ಹಟ್ಟಿಯ ಬೋವಿಗಳು. ದುಡಿತವೆಲ್ಲ ಬಿಟ್ಟಿ, ಕೂಲಿಗೆ ಬದಲು ಚಾವಟಿ. ಕಲ್ಲುದಿಮ್ಮಿ ಜಾರಿ ಏಳು ಜನ ಸತ್ತ ದಿನವೂ ಹೆಣ ಎತ್ತಲು ದೊರೆ ಬಿಡುವು ಕೊಡಲಿಲ್ಲವಂತೆ. ಆ ಬೋವಿಗಳಲ್ಲಿ ಒಂದು ಕಟ್ಟಳೆಯಿತ್ತು. ಗೋಡೆ ಮುಗಿದ ದಿನ ಹಿರಿಯ ಕಸುಬಿನವನು ಹಸಿ ಗಾರೆಯಲ್ಲಿ ತನ್ನ ಬಲಗೈ ಒತ್ತಬೇಕು. ಆ ಗುರುತಿರುವ ಗೋಡೆಯ ಮೇಲೆ ಅವನ ವಂಶದವರು ಯಾರೂ ಹಾರೆ ಎತ್ತುವಂತಿಲ್ಲ, ಎತ್ತಿದರೆ ಎತ್ತಿದ ಕೈ ಉಳಿಯದು. ಬಂಗಲೆಯ ಮುಂಗಮಾನಿನ ಪಕ್ಕದಲ್ಲಿ ಕೈ ಒತ್ತಿದವನು ದೊಡ್ಡೋಬಳ. ಒತ್ತುವಾಗ ಅವನ ಬೆನ್ನಿನಿಂದ ಇನ್ನೂ ರಕ್ತ ಸೋರುತ್ತಿತ್ತು ಎನ್ನುತ್ತಾರೆ.

ಕಾಲ ಉರುಳಿತು. ಬಿಳಿಯರ ಬಾವುಟ ಇಳಿದು ನಮ್ಮದು ಏರಿತು. ದೊಡ್ಡೋಬಳನ ಮೊಮ್ಮಗ ಓಬಳಬೋವಿ ಆಗ ಹಟ್ಟಿಗೆ ಹಿರಿಯ. ಕಲ್ಲನ್ನು ತಟ್ಟಿ ನೋಡಿಯೇ ಅದರ ಹೊಟ್ಟೆಯ ಬಿರುಕು ಹೇಳುವಷ್ಟು ಕಸುಬಿನವನು. ಅವನಿಗೆ ಗಂಡು ಸಂತಾನವಿಲ್ಲ, ಒಬ್ಬಳೇ ಮಗಳು ಮಾರಕ್ಕ. ಆ ವರ್ಷ ತೂಬಿನ ಬಳಿ ಏರಿ ಜಿನುಗತೊಡಗಿತ್ತು. ಏರಿಯ ಕೆಳಗೇ ಅರವತ್ತು ಗುಡಿಸಲಿನ ಹಟ್ಟಿ. ದುರಸ್ತಿಗೆಂದು ಸರಕಾರ ಕಲ್ಲು, ಸುಣ್ಣ ತಂದು ಸುರಿಸಿತು. ಅಷ್ಟರಲ್ಲಿ ಎಂಜಿನಿಯರ್ ಶ್ರೀಪಾದರಾಯರು ಬಂದು, ಮೊದಲು ಪಾಳುಬಿದ್ದ ಬಂಗಲೆಯ ದುರಸ್ತಿ ಆಗಲಿ, ಏರಿ ಮುಂದಿನ ಬೇಸಿಗೆಗೆ ಎಂದರು. ಏರಿಯ ಕಲ್ಲೆಲ್ಲ ಮೊರಡಿ ಹತ್ತಿತು. ರಾಯರು ಕೆಟ್ಟವರಲ್ಲ, ಹಳೆಯ ಕಟ್ಟಡ ಕಂಡರೆ ಕಣ್ಣಿಗೊತ್ತಿಕೊಳ್ಳುವ ಮನುಷ್ಯ. ಹಟ್ಟಿಯವರು ಗೊಣಗಿದಾಗ ಅವರು ಓಬಳನನ್ನು ಕಮಾನಿನ ಬಳಿಗೆ ಕರೆದೊಯ್ದು ಆ ಕೈಗುರುತು ತೋರಿಸಿದರು.

"ಇದನ್ನ ಬಿಳಿಯರು ಕಟ್ಟಿದರು ಅಂತ ಯಾರು ಹೇಳಿದ್ದು? ಕಟ್ಟಿದ್ದು ನಿನ್ನ ತಾತ. ಇದು ಬಿದ್ದರೆ ಅವನ ನೆನಪೂ ಬಿತ್ತು ಅಂತ ತಿಳಕೊ."

ಓಬಳ ಆ ಗುರುತಿನ ಮೇಲೆ ತನ್ನ ಕೈ ಇಟ್ಟು ನೋಡಿದ. ಒಪ್ಪಿಬಿಟ್ಟ. ಅವನ ಹೆಂಡತಿ ಹಾಲಮ್ಮ ಮಾತ್ರ ಬಾಯಿ ಮುಚ್ಚಲಿಲ್ಲ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಸತ್ತೋನ ಕೈ ಕಾಯೋಕೆ ಹೋಗಿ ಇರೋರ ಕುತ್ತಿಗೆ ಮುರೀಬೇಡ" ಎಂದು ಗಂಡನನ್ನು ಹಗಲೆಲ್ಲ ಬೈಯುತ್ತಿದ್ದಳು. ಓಬಳ ಕೇಳಿಸದವನಂತೆ ಗಾರೆ ಅರೆಸುತ್ತಿದ್ದ.

ಉತ್ತರೆ ಮಳೆ ಹಿಡಿದದ್ದು ಮೂರು ದಿನ ಬಿಡಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ತೂಬಿನ ಪಕ್ಕದ ಮಣ್ಣು ಕುಸಿದು ಎತ್ತಿನ ಗಾತ್ರದ ಬಾಯಿ ತೆರೆಯಿತು. ಹಟ್ಟಿಯ ಮೂರು ಕಡೆಗೂ ಹಳ್ಳ ತುಂಬಿ ದಾಟಲು ದಾರಿಯಿಲ್ಲ, ಇದ್ದೊಂದು ಕಾಲುದಾರಿ ಆ ಬಾಯಿಯ ಕೆಳಗೇ. ಮಾರಕ್ಕ ಎಂಟು ದಿನದ ಕೂಸಿನೊಡನೆ ಹಟ್ಟಿಯಲ್ಲೇ ಇದ್ದಳು. ಮಣ್ಣು ಸುರಿದರೆ ನೀರು ನುಂಗಿತು, ಮರ ಕಡಿದು ಹಾಕಿದರೆ ಉಗುಳಿತು. ದೊಡ್ಡ ಕಲ್ಲೇ ಬೇಕು. ಊರಲ್ಲಿದ್ದ ದೊಡ್ಡ ಕಲ್ಲೆಲ್ಲ ಬಂಗಲೆಯ ಗೋಡೆಯಲ್ಲಿತ್ತು.

ಜನ ಹಾರೆ, ಗುದ್ದಲಿ ಹಿಡಿದು ಮೊರಡಿಗೆ ನುಗ್ಗಿದರು. ಕಾವಲಿನ ಪೇದೆಗಳು ಮೊದಲು ಲಾಠಿ ಬೀಸಿದರು, ಆಮೇಲೆ ಬಂದೂಕು ಹಾರಿಸಿದರು. ಮೆಟ್ಟಿಲ ಮೇಲೆ ಇಬ್ಬರು ಸತ್ತು ಬಿದ್ದರು. ಅದನ್ನು ಕಂಡವರು ಹುಚ್ಚು ಹಿಡಿದಂತೆ ಏರಿ ಹೋಗಿ ಬಂದೂಕಿನವನ ತಲೆಯನ್ನು ಗುಂಡುಕಲ್ಲಿನಿಂದ ಜಜ್ಜಿದರು. ಉಳಿದ ಪೇದೆಗಳು ಓಡಿದರು. ಮಳೆನೀರು ಕೆಂಪಗಾಗಿ ಹನ್ನೊಂದು ಮೆಟ್ಟಿಲೂ ಇಳಿಯಿತಂತೆ. ಆದರೆ ಏನು ಬಂತು? ಆ ಗಾರೆಯ ಗೋಡೆಗೆ ಹೊಡೆದ ಹಾರೆಗಳೆಲ್ಲ ಸಿಡಿದು ವಾಪಸು ಬಂದವು. ಅದನ್ನು ಬೀಳಿಸುವ ಮರ್ಮ ಗೊತ್ತಿದ್ದವನು ಒಬ್ಬನೇ. ಅವನು ತಾತನ ಕೈಗುರುತಿನ ಮುಂದೆ ನಿಂತಿದ್ದ. ಹಾಲಮ್ಮ ಬಂದವಳೇ ಅವನ ಕೆನ್ನೆಗೆ ಬಾರಿಸಿದಳು. ಕೆಳಗೆ ಹಟ್ಟಿಯ ಕಡೆ ಕೈ ತೋರಿಸಿದಳು.

ಓಬಳ ಹಾರೆ ಎತ್ತಿದ. ಬಂಗಲೆಯಲ್ಲೇ ಬೀಡುಬಿಟ್ಟಿದ್ದ ಶ್ರೀಪಾದರಾಯರು, ಆ ಗಲಭೆಯಲ್ಲಿ ಹಣೆಯೊಡೆದು ರಕ್ತ ಸುರಿಯುತ್ತಿದ್ದರೂ, ಕಮಾನಿನ ಕೆಳಗೆ ಎರಡೂ ತೋಳು ಚಾಚಿ ಅಡ್ಡ ನಿಂತರು.

"ಓಬಳಾ, ನಿನ್ನ ತಾತನ ಕೈ ಕಣೋ ಇದು!"

"ತಾತ ಸತ್ತವ್ನೆ ಸ್ವಾಮಿ, ಮಗಳು ಬದುಕವ್ಳೆ. ಈಚೆಗೆ ಬನ್ನಿ."

ಅವರು ಬರಲಿಲ್ಲ. ಓಬಳ ಇಡೀ ಕಮಾನನ್ನು ಹಿಡಿದಿಟ್ಟ ನೆತ್ತಿಗಲ್ಲಿಗೆ ಹಾರೆ ಕೊಟ್ಟು ಮೀಟಿದ. ಕಲ್ಲು ಜಾರುವಾಗ ಮನಸ್ಸು ತಡೆಯದೆ, ಹಾರೆ ಬಿಸಾಡಿ, ರಾಯರ ಭುಜ ಹಿಡಿದೆಳೆಯಲು ಬಲಗೈ ಚಾಚಿದ. ಇಡೀ ಪಡಸಾಲೆಯೇ ಕುಸಿಯಿತು. ರಾಯರು ಅದರ ಅಡಿಯಲ್ಲೇ ಹೋದರು. ನೆತ್ತಿಗಲ್ಲು ಓಬಳನ ಮುಂಗೈಯ ಮೇಲೆ ಕೂತಿತು. ಹತ್ತು ಜನ ಮೀಟಿದರೂ ಅಲುಗಲಿಲ್ಲ. ಅದನ್ನೆತ್ತಲು ಅರ್ಧ ದಿನ ಬೇಕು, ಏರಿಗೆ ಅರ್ಧ ದಿನ ಇರಲಿಲ್ಲ. ಹರಿಯುವ ನೀರಿನಲ್ಲಿ ಕಲ್ಲು ಕೂರಿಸುವ ವಿದ್ಯೆ ಮತ್ತೊಬ್ಬರಿಗೆ ಬರುತ್ತಿರಲಿಲ್ಲ.

"ಹಾಲೀ, ಕೊಡ್ಲಿ ತಗೊ" ಎಂದ ಓಬಳ.

"ಅಯ್ಯೋ, ನನ್ನ ಕೈಲಾಗಲ್ಲ ಕಣೋ!"

"ಮಗಳು ಬೇಕಾ, ಕೈ ಬೇಕಾ?"

ಹಾಲಮ್ಮ ಕಡಿದಳು. ಒಂದೇಟಿಗೆ ಹೋಗಲಿಲ್ಲ, ಇನ್ನೊಂದು ಹಾಕಿದಳು. ಸೆರಗು ಹರಿದು ಮೊಂಡುಗೈಯನ್ನು ಬಿಗಿದು, ಗಂಡನನ್ನು ಬೆನ್ನಿನ ಮೇಲೆ ಹೊತ್ತು ಏರಿಗೆ ಇಳಿದಳು. ಓಬಳ ಅಲ್ಲಿ ಕೂತು ಒಂದೊಂದು ಕಲ್ಲನ್ನೂ ಕೂಗಿ ಹೇಳಿದ: ಕಂಬ ಅಡ್ಡ ಹಾಕ್ರೋ, ಕಮಾನು ಅಂಗಾತ ಕೆಡವ್ರೋ, ಇಂಗ್ಲಿಷು ಗಿಂಗ್ಲಿಷು ನೋಡಬೇಡಿ, ದಬ್ಬಿ! ಹಟ್ಟಿಯ ಕೆಳಸಾಲಿನ ಒಂಬತ್ತು ಗುಡಿಸಲು, ಆರು ಜನ ಕೊಚ್ಚಿ ಹೋದರು. ಹೊತ್ತು ಮುಳುಗುವ ಮುಂಚೆ ಏರಿಯ ಬಾಯಿ ಮುಚ್ಚಿತು. ಮಾರಕ್ಕ ಕೂಸನ್ನು ತಲೆಯ ಮೇಲಿಟ್ಟುಕೊಂಡು ಸೊಂಟದುದ್ದ ನೀರಿನಲ್ಲಿ ನಡೆದು ಬಂದಳು.

ಓಬಳ ಎರಡು ವರ್ಷ ಸೆರೆಮನೆಯಲ್ಲಿದ್ದ. ಅಲ್ಲಿಂದ ಬಂದವನು ಮೊದಲು ಮಾಡಿದ ಕೆಲಸ ಆ ಕಲ್ಲುಗಳ ಸಂದಿಗೆಲ್ಲ ಗಾರೆ ಮೆತ್ತಿಸಿದ್ದು. ರಾಯರ ಮಾತು ಬಂದಾಗಲೆಲ್ಲ ಅವನ ಕಣ್ಣು ತುಂಬುತ್ತಿತ್ತು. "ಕಲ್ಲು ಬಲ್ಲೋರು ಪಾಪ, ನೀರು ಬಲ್ಲೋರಲ್ಲ" ಎನ್ನುತ್ತಿದ್ದನಂತೆ. ಗಾರೆ ಮುಗಿದ ದಿನ ಕಟ್ಟಳೆಯಂತೆ ಕೈ ಒತ್ತಿದ.

ಈಚೆಗೆ ನಕ್ಷೆ ಹಿಡಿದ ಕೆಲವರು ಜೀಪಿನಲ್ಲಿ ಬಂದಿದ್ದರು. ಪ್ರವಾಸಿಗಳಿಗಾಗಿ ಬಂಗಲೆಯನ್ನು ಮತ್ತೆ ಎಬ್ಬಿಸುತ್ತಾರಂತೆ, ಏರಿಯ ಕೆತ್ತನೆಗಲ್ಲೆಲ್ಲ ಬೇಕಂತೆ, ಬದಲಿಗೆ ಕಾಂಕ್ರೀಟು ಹಾಕಿಕೊಡುತ್ತಾರಂತೆ. ಅವರು ಕರೆತಂದ ಮೇಸ್ತ್ರಿ ಮಾರಕ್ಕನ ಮೊಮ್ಮಗನೇ. ಅವನು ತೂಬಿನ ಹತ್ತಿರದ ಕೈಗುರುತನ್ನು ನೋಡಿ, ಹಾರೆಯನ್ನು ನೆಲಕ್ಕಿಟ್ಟು, "ನನ್ನಿಂದಾಗಲ್ಲ ಸಾರ್, ಬೇರೆಯೋರ್ನ ನೋಡ್ಕಳಿ" ಎಂದು ಕೆರೆಯಲ್ಲಿ ಕಾಲು ತೊಳೆದು ಹೊರಟುಹೋದ. ಜೀಪು ಇನ್ನೂ ಮರಳಿ ಬಂದಿಲ್ಲ.

ತೂಬಿನ ಎಡಕ್ಕೆ, ಎದೆಯೆತ್ತರದಲ್ಲಿ, ಗಾರೆಯಲ್ಲಿ ಮೂಡಿದ ಆ ಅಂಗೈ ಈಗಲೂ ಇದೆ. ನೋಡಲು ಬಂದವರೆಲ್ಲ ತಮ್ಮ ಕೈ ಇಟ್ಟು ಅಳೆಯುತ್ತಾರೆ. ಎಲ್ಲರೂ ಮೊದಲು ಇಡುವುದು ಬಲಗೈ. ಅದು ಹೊಂದುವುದಿಲ್ಲ.